ಹೊಟಗಿಯ ಉಗಿಬಂಡಿ ಮಂದಿಯ ಮಾತು ಉಳಿಸೋಣ: ದೇಣಿಗೆ ಮನವಿ

ಆತ್ಮೀಯರೇ, ನಮಸ್ಕಾರ.

ಪ್ರತಿ ಸಂಕ್ರಾಂತಿಗೆ ಸೊಲ್ಲಾಪುರದಲ್ಲಿ ಸಿದ್ಧರಾಮೇಶ್ವರನ ಗಡ್ಡಾ ಜಾತ್ರೆ ನಡೆಯುತ್ತದೆ. ನಂದಿಧ್ವಜ ನೋಡಲು ಬರುವವರಲ್ಲಿ ನಮ್ಮ ಭಾಗದ ನಿವೃತ್ತ ರೈಲ್ವೆಯವರೂ ಇರುತ್ತಾರೆ. ಇಂಡಿ, ಲಚ್ಯಾಣ, ಅಕ್ಕಲಕೋಟ ಕಡೆಯವರು. ಜಾತ್ರೆ ಮುಗಿಸಿ ಹತ್ತಿರದ ಹೊಟಗಿಗೆ ಬಂದು ಒಂದು ದಿನ ಒಟ್ಟಿಗೆ ಕೂರುತ್ತಾರೆ. ಡ್ರೈವರ್, ಗಾರ್ಡ್, ಇಂಜಿನ್ನಿಗೆ ಕಲ್ಲಿದ್ದಲು ಹಾಕುವ ಫೈರ್‌ಮನ್, ಗಾಡಿಗೆ ಹಳಿ ಬದಲಿಸುವ ಪಾಯಿಂಟ್ಸ್‌ಮನ್, ಹಳಿ ರಿಪೇರಿಯ ಗ್ಯಾಂಗ್‌ಮನ್ ಎಲ್ಲರಿಗೂ ಒಂದೇ ಪಂಕ್ತಿ, ಜೋಳದ ರೊಟ್ಟಿ, ಶೇಂಗಾ ಚಟ್ನಿ. ಅಲ್ಲಿ ಅವರು ಆಡುವ ಮಾತನ್ನು ರೆಕಾರ್ಡ್ ಮಾಡಿ, ಕನ್ನಡದಲ್ಲಿ ಪುಸ್ತಕ ತರಬೇಕು ಎಂದು ನಮ್ಮ ಟ್ರಸ್ಟ್ ಹೊರಟಿದೆ. ಅದಕ್ಕೆ ನಿಮ್ಮ ನೆರವು ಬೇಕು.

ಹೊಟಗಿ ಸಣ್ಣ ಊರು, ಆದರೆ ಹಳೆಯ ಜಂಕ್ಷನ್. ಮುಂಬೈ ಕಡೆಯ ಬ್ರಾಡ್ ಗೇಜ್ ಹಳಿ 1860ರಲ್ಲಿ ಸೊಲ್ಲಾಪುರ ಮುಟ್ಟಿತು, 1871ರಲ್ಲಿ ರಾಯಚೂರಿನಲ್ಲಿ ಮದ್ರಾಸ್ ಲೈನನ್ನು ಕೂಡಿತು. 1876–78ರ ಬರದಲ್ಲಿ ಬಿಜಾಪುರ ಸೀಮೆಗೆ ಕಾಳು ಸಾಗಿಸಲು ರೈಲು ಇರಲಿಲ್ಲ. ಆ ಬರದ ನಂತರವೇ ಹೊಟಗಿ–ಗದಗ ಮೀಟರ್ ಗೇಜ್ ಬಂತು, 1884ರಲ್ಲಿ ಗಾಡಿ ಓಡಿತು. ಬ್ರಾಡ್ ಗೇಜ್‌ನಲ್ಲಿ ಎರಡು ಹಳಿಗಳ ನಡುವಿನ ಅಂತರ 1676 ಮಿ.ಮೀ., ಮೀಟರ್ ಗೇಜ್‌ನಲ್ಲಿ 1000. ಹಾಗಾಗಿ ಒಂದು ವ್ಯಾಗನ್ನಿನ ಮೂಟೆಗಳನ್ನೆಲ್ಲ ಇಳಿಸಿ ಇನ್ನೊಂದಕ್ಕೆ ಹೇರಬೇಕಿತ್ತು. ಎಷ್ಟು ಹಮಾಲರ ಬೆನ್ನು ಇಲ್ಲಿ ಸವೆದಿದೆಯೋ!

ಇಷ್ಟು ಚರಿತ್ರೆ ಎಲ್ಲಾದರೂ ಸಿಗುತ್ತದೆ. ಆದರೆ ಕೆಲಸ ಹೇಗೆ ನಡೆಯುತ್ತಿತ್ತು ಎಂಬುದು ಇವರ ಹತ್ತಿರ ಮಾತ್ರ ಇದೆ. ವೈಪಿ, ವೈಜಿ ಎಂಬ ಮೀಟರ್ ಗೇಜ್ ಉಗಿ ಇಂಜಿನ್‌ಗಳ ಬಾಯ್ಲರ್‌ನಲ್ಲಿ ಚದರ ಇಂಚಿಗೆ 210 ಪೌಂಡ್ ಒತ್ತಡ. ಏರಿನಲ್ಲಿ ಅದು ಬೀಳದಂತೆ ಕಾಯುವವನು ಫೈರ್‌ಮನ್. ಕಲ್ಲಿದ್ದಲನ್ನು ಸುಮ್ನೆ ಸುರಿದರೆ ಬೆಂಕಿ ಸಾಯುತ್ತದೆ. ಸ್ವಲ್ಪ ಸ್ವಲ್ಪವೇ, ಮೂಲೆಮೂಲೆಗೂ ತೆಳ್ಳಗೆ ಬೀಳುವಂತೆ ಎಸೆಯಬೇಕು. ಬೂದಿ ಕರಗಿ ಕ್ಲಿಂಕರ್ ಎಂಬ ಗಟ್ಟಿ ಹೆಂಟೆ ಕಟ್ಟಿ ಗಾಳಿ ನಿಂತರೆ ಉದ್ದನೆಯ ಸಲಾಕೆ ಹಾಕಿ ಒಡೆಯಬೇಕು. ಬಾಯ್ಲರ್ ನೀರಿನ ಮಟ್ಟ ತೋರಿಸುವ ಗೇಜ್ ಗ್ಲಾಸಿನಲ್ಲಿ ನೀರು ತೀರಾ ಇಳಿದರೆ ಫೈರ್‌ಬಾಕ್ಸಿನ ನೆತ್ತಿಯ ಸೀಸದ ಪ್ಲಗ್ ಕರಗಿ, ಉಗಿ ಬೆಂಕಿಯ ಮೇಲೆ ನುಗ್ಗುತ್ತದೆ. ಅಂಥ ದಿನ ತಮ್ಮ ಪಾಳಿಯಲ್ಲಿ ಬರಲಿಲ್ಲ ಎಂದು ಹೇಳುವಾಗ ಹಿರಿಯರ ಮುಖ ನೋಡಬೇಕು! ಸೊಲ್ಲಾಪುರದ ಬೇಸಿಗೆ ನಿಮಗೆ ಗೊತ್ತಲ್ವಾ? 40 ಡಿಗ್ರಿ ದಾಟುವ ಬಿಸಿಲು, ಎದುರಿಗೆ ಆ ಬೆಂಕಿ.

ಸಿಂಗಲ್ ಲೈನಿನಲ್ಲಿ, ಮುಂದಿನ ಸ್ಟೇಷನ್ನಿನವರೆಗೆ ಹೋಗಲು ಅನುಮತಿಯ ಗುರುತಾದ ಟೋಕನ್ ಕೈಗೆ ಬರದೆ ಗಾಡಿ ಮುಂದೆ ಹೋಗುವಂತಿರಲಿಲ್ಲ. ಸ್ಟೇಷನ್ನಿನ ನೀಲ್ಸ್ ಟೋಕನ್ ಯಂತ್ರದಿಂದ ತೆಗೆದ ಗುಂಡನ್ನು, ಅಂದರೆ ಟೋಕನ್ನನ್ನು, ಚೀಲದಲ್ಲಿಟ್ಟು, ದೊಡ್ಡ ಬಳೆಗೆ ಕಟ್ಟಿ ಸ್ಟೇಷನ್ನಿನವರು ಹಿಡಿಯುತ್ತಿದ್ದರು. ಓಡುವ ಇಂಜಿನ್ನಿನಿಂದ ತೋಳು ಚಾಚಿ ಅದನ್ನು ಎತ್ತಿಕೊಳ್ಳಬೇಕಿತ್ತು. ಆ ಏಟು ತಿಂದ ತೋಳುಗಳ ಕತೆ ಕೇಳಿದಷ್ಟೂ ಇದೆ.

ಆದರೂ ನನಗನ್ನಿಸುವುದು, ಗ್ಯಾಂಗ್‌ಮನ್‌ಗಳ ಮಾತೇ ಮೊದಲು ದಾಖಲಾಗಬೇಕು. ಸಭೆಯಲ್ಲಿ ಅವರು ಹಿಂದೆ ಕೂರುತ್ತಾರೆ, ಕೇಳಿದರಷ್ಟೇ ಮಾತಾಡುತ್ತಾರೆ. ನಮ್ಮದು ಎರೆ ನೆಲ. ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ನಿನ್ನೆ ಸಮ ಇದ್ದ ಹಳಿ ಒಂದು ದೊಡ್ಡ ಮಳೆಗೆ ಕುಸಿದಿರುತ್ತದೆ. ಮತ್ತೆ ಎತ್ತಿ, ಜಲ್ಲಿ ತುಂಬಿ, ಗುದ್ದಲಿಯಿಂದ ಬಡಿದು ಕೂರಿಸಬೇಕು. ಹಳಿಯ ಕೀಲಿ ನೋಡಿಕೊಳ್ಳುವ ಕೀಮ್ಯಾನ್ ದಿನಾ ಸುತ್ತಿಗೆ ಹೊತ್ತು ತನ್ನ ಪಾಲಿನ ಹಳಿಯುದ್ದಕ್ಕೂ ನಡೆಯುತ್ತಿದ್ದ. ಹಳಿಯನ್ನು ಬಿಗಿ ಹಿಡಿಯುವ ಆ ಕೀಲಿಗೆ ಹೊಡೆದಾಗ ಬರುವ ಸದ್ದಿನಿಂದಲೇ ಯಾವುದು ಸಡಿಲ ಎಂದು ಗುರುತಿಸುವವರು ಈಗಲೂ ನಮ್ಮ ನಡುವೆ ಇದ್ದಾರೆ. ಈ ತಿಳಿವಳಿಕೆಯನ್ನು ಯಾವ ಕಡತದಲ್ಲಿ ಹುಡುಕೋಣ? ರೈಲ್ವೆಯ ಹಳೇ ಕಡತಗಳು ಇಂಗ್ಲಿಷಿನಲ್ಲಿವೆ. ಇವರು ದುಡಿದದ್ದು, ಕೂಗಿದ್ದು, ನೋವುಂಡದ್ದು ಕನ್ನಡದಲ್ಲಿ.

ತಡ ಮಾಡುವಂತಿಲ್ಲ. ದೇಶದಲ್ಲಿ ಉಗಿ ಇಂಜಿನ್ ತಯಾರಿಕೆ 1972ಕ್ಕೇ ನಿಂತಿತು. 1970ರಲ್ಲಿ 20ರ ಹರೆಯದಲ್ಲಿ ಕೆಲಸಕ್ಕೆ ಸೇರಿದವರಿಗೆ ಈಗ 75 ದಾಟಿದೆ. ವರ್ಷವರ್ಷವೂ ಬರುವವರು ಕಡಿಮೆಯಾಗುತ್ತಿದ್ದಾರೆ. ಎಷ್ಟೋ ಮಂದಿಗೆ ಕಿವಿ ಸರಿಯಾಗಿ ಕೇಳಿಸದು, ಪ್ರಯಾಣ ಆಗದು. ಅವರ ಮನೆಗೇ ನಾವು ಹೋಗಬೇಕು.

ಅದಕ್ಕೇ ಈ ಕೋರಿಕೆ. ಒಬ್ಬ ಹಿರಿಯರನ್ನು ಊರಿಂದ ಕರೆತಂದು, ಊಟ ಕೊಟ್ಟು, ವಾಪಸ್ ಬಿಡಲು ₹500 ಬೇಕು. ಒಬ್ಬರ ಮನೆಗೆ ಹೋಗಿ ಮಾತು ದಾಖಲಿಸಿ, ಬರಹಕ್ಕೆ ಇಳಿಸಲು ₹2,000. ಪುಸ್ತಕದ ಅಚ್ಚಿಗೆ ಹೆಚ್ಚಿನ ಹಣ ಬೇಕು. ಅದನ್ನು ಯಾರಾದರೂ ಹಿರಿಯರ ನೆನಪಿನಲ್ಲಿ ವಹಿಸಿಕೊಂಡರೆ ಆ ಹೆಸರನ್ನು ಮೊದಲ ಪುಟದಲ್ಲಿ ಹಾಕುತ್ತೇವೆ. ₹50 ಕೊಟ್ಟವರಿಗೂ ರಸೀದಿ ಇದೆ. ಮಾತು ಕೊಟ್ಟ ಪ್ರತಿಯೊಬ್ಬರಿಗೂ ಪುಸ್ತಕ ಉಚಿತ.

ದುಡ್ಡೇ ಆಗಬೇಕೆಂದಿಲ್ಲ. ನಿಮ್ಮ ಅಜ್ಜನ ಡ್ಯೂಟಿ ಡೈರಿ, ಕೈದೀಪ, ಬ್ಯಾಡ್ಜ್, ಇಂಜಿನ್ ಎದುರು ತೆಗೆಸಿಕೊಂಡ ಫೋಟೊ ಅಟ್ಟದ ಮೇಲಿದ್ದರೆ ದಯವಿಟ್ಟು ಕೊಡಿ. ಫೋಟೊಗಳ ಪ್ರತಿ ತೆಗೆದು ಮೂಲವನ್ನು ಹಿಂದಿರುಗಿಸುತ್ತೇವೆ. ಬರೆಯಲು, ಟೈಪ್ ಮಾಡಲು ಬರುವ ಹುಡುಗ ಹುಡುಗಿಯರೂ ಬನ್ನಿ, ಆ ಕೆಲಸವೇ ಜಾಸ್ತಿ ಇದೆ.

ದೇಣಿಗೆಯನ್ನು ಟ್ರಸ್ಟಿನ ಹೆಸರಿಗೆ ಚೆಕ್ ಬರೆದು ಅಥವಾ ನಮ್ಮ ಕಚೇರಿಯಲ್ಲಿ ನೇರವಾಗಿ ಕೊಡಬಹುದು. ಪೂರ್ತಿ ಲೆಕ್ಕವನ್ನು ಬರುವ ಸಂಕ್ರಾಂತಿಯ ಕೂಟದಲ್ಲಿ ಎಲ್ಲರ ಮುಂದೆ ಓದುತ್ತೇವೆ. ಕೊಟ್ಟವರೂ ಆ ದಿನ ಊಟಕ್ಕೆ ಬರಬೇಕು.

ಇಂತಿ,
ಟ್ರಸ್ಟಿನ ಕಾರ್ಯದರ್ಶಿ, ಹೊಟಗಿ