‘ತಾಂತ್ರಿಕ ದೋಷ’ ಎಂದು ಬರೆದು ಸುಮ್ಮನಾಗಬೇಡಿ

ಮಾನ್ಯ ಸಂಪಾದಕರೇ,

ತರಬೇತಿ ವಿಮಾನ ಎಲ್ಲಾದರೂ ಹೊಲಕ್ಕೆ ಬಿದ್ದರೆ ಪತ್ರಿಕೆಗಳಲ್ಲಿ ಎರಡು ಪದ ತಪ್ಪದೆ ಅಚ್ಚಾಗುತ್ತವೆ: ‘ತಾಂತ್ರಿಕ ದೋಷ’. ಮರುದಿನಕ್ಕೆ ಸುದ್ದಿ ಮುಗಿಯಿತು. 2023ರ ಮೇ 30ರಂದು ಬೆಳಗಾವಿಯ ಸಾಂಬ್ರಾದಿಂದ ಹಾರಿದ ಪುಟ್ಟ ವಿಮಾನ ಹೊನ್ನಿಹಾಳದ ಹೊಲದಲ್ಲಿ ಇಳಿದಾಗಲೂ, ಅದೇ ವರ್ಷದ ಅಕ್ಟೋಬರ್‌ನಲ್ಲಿ ಬಾರಾಮತಿಯಲ್ಲಿ ನಾಲ್ಕು ದಿನದೊಳಗೆ ಎರಡು ತರಬೇತಿ ವಿಮಾನಗಳು ಅಪಘಾತಕ್ಕೀಡಾದಾಗಲೂ ಓದುಗರ ಪಾಲಿಗೆ ಉಳಿದದ್ದು ಹೆಚ್ಚುಕಡಿಮೆ ಅಷ್ಟೇ. ಸಣ್ಣ ವಿಮಾನ ಏಕೆ ಬೀಳುತ್ತದೆ ಎಂಬುದರಲ್ಲಿ ನಿಗೂಢವೇನೂ ಇಲ್ಲ. ಐದಾರು ಕಾರಣಗಳೇ ಮತ್ತೆ ಮತ್ತೆ ಬರುತ್ತವೆ, ಅವುಗಳಲ್ಲಿ ಹೆಚ್ಚಿನವಕ್ಕೆ ‘ತಾಂತ್ರಿಕ’ ಎಂಬ ಮಾತು ಹೊಂದುವುದೇ ಇಲ್ಲ.

ಯಂತ್ರವೇ ಕೈಕೊಟ್ಟದ್ದು ಇಲ್ಲವೆಂದಲ್ಲ. ಅದಕ್ಕೆ ನಮ್ಮ ಮನೆಯದೇ ಉದಾಹರಣೆ ಇದೆ. ಎಚ್‌ಎಎಲ್ ರೂಪಿಸಿದ ಎಚ್‌ಪಿಟಿ-32 ‘ದೀಪಕ್’ ಮೊದಲು ಹಾರಿದ್ದು 1977ರಲ್ಲಿ. 1984ರಿಂದ ಅದು ವಾಯುಪಡೆಯ ಹೊಸ ಪೈಲಟ್‌ಗಳ ಅಕ್ಷರಾಭ್ಯಾಸದ ವಿಮಾನವಾಯಿತು. ಅದರ 260 ಅಶ್ವಶಕ್ತಿಯ ಲೈಕಮಿಂಗ್ ಎಂಜಿನ್ ಗಾಳಿಯಲ್ಲೇ ನಿಂತುಹೋಗುವ ಕಾಟ ವರ್ಷಗಟ್ಟಲೆ ಬಿಡಲಿಲ್ಲ. ನಿಂತ ಮೇಲೆ ತೇಲಿಕೊಂಡು ದೂರ ಹೋಗುವ ಗುಣವೂ ಆ ವಿಮಾನಕ್ಕೆ ಅಷ್ಟಕ್ಕಷ್ಟೇ. ಒಟ್ಟು 17 ಅಪಘಾತಗಳಲ್ಲಿ 19 ಪೈಲಟ್‌ಗಳು ಸತ್ತರು. 2009ರ ಜುಲೈ ಕೊನೆಯಲ್ಲಿ ಆಗಿನ ಆಂಧ್ರದ ಮೇದಕ್ ಜಿಲ್ಲೆಯಲ್ಲಿ ಇಬ್ಬರು ಬಲಿಯಾದ ಮೇಲೆ ಆ ಜಾತಿಯ ವಿಮಾನಗಳನ್ನೆಲ್ಲ ಹಾರಿಸದೆ ನೆಲಕ್ಕೆ ಕೂರಿಸಿದರು. ವಿಮಾನಕ್ಕೇ ಒಂದು ಪ್ಯಾರಾಚೂಟ್ ಕಟ್ಟಿ ಉಳಿಸಿಕೊಳ್ಳುವ ಯೋಚನೆಯೂ ನಡೆದಿತ್ತು. ಕೊನೆಗೆ 2013ರಲ್ಲಿ ಸ್ವಿಸ್ ತರಬೇತಿ ವಿಮಾನ ಪಿಲಾಟಸ್ ಬರುವವರೆಗೆ ಮೊದಲ ಪಾಠಕ್ಕೂ ಕಿರಣ್ ಜೆಟ್ಟೇ ಗತಿಯಾಯಿತು.

ಬೆಂಗಳೂರಿನ ಜಕ್ಕೂರಿನಂಥ ನಾಗರಿಕ ವಿಮಾನ ಮೈದಾನಗಳಲ್ಲಿ ಕಲಿಯುವವರ ಸೆಸ್ನಾ, ಪೈಪರ್‌ಗಳ ಕತೆ ಬೇರೆ. ಅರ್ಧ ಶತಮಾನ ಹಾರಿದ ಜಾತಿಗಳವು, ಅವುಗಳ ಗುಣಾವಗುಣ ಎಲ್ಲರಿಗೂ ಗೊತ್ತು. ಅಲ್ಲಿ ಪ್ರಾಣ ತೆಗೆಯುವುದು ಬಹುಪಾಲು ಸ್ಟಾಲ್ ಮತ್ತು ಅದರ ಬೆನ್ನಿಗೇ ಬರುವ ಸ್ಪಿನ್ (ವಿಮಾನ ಗಿರಗಿರನೆ ಸುತ್ತುತ್ತಾ ಬೀಳುವುದು). ಸ್ಟಾಲ್ ಎಂದರೆ ಎಂಜಿನ್ ನಿಲ್ಲುವುದಲ್ಲ (ಪತ್ರಿಕೆಗಳು ಪದೇ ಪದೇ ಎಡವುವ ಜಾಗ ಇದು). ರೆಕ್ಕೆಯನ್ನು ಗಾಳಿಗೆ ತೀರಾ ಮೇಲ್ಮುಖವಾಗಿ ಒಡ್ಡಿದಾಗ ಅದರ ಮೇಲಿನ ಹರಿವು ಕಿತ್ತುಹೋಗಿ ಎತ್ತುವ ಬಲ ಕುಸಿಯುತ್ತದೆ, ಅದೇ ಸ್ಟಾಲ್. ಎಂಜಿನ್ ಪೂರ್ತಿ ಗರ್ಜಿಸುತ್ತಿರುವಾಗಲೂ ಆಗಬಹುದು.

ಇದು ನಡೆಯುವ ಜಾಗವೂ ನಿಗದಿಯಾದಂತಿದೆ: ಇಳಿಯುವ ಮುನ್ನ ರನ್‌ವೇ ಕಡೆಗೆ ತಿರುಗುವ ಕೊನೆಯ ತಿರುವು, ನೆಲದಿಂದ ಸುಮಾರು 500 ಅಡಿ. ಬೇಸ್ ಲೆಗ್‌ನಲ್ಲಿ (ಆ ತಿರುವಿಗೆ ಮುಂಚೆ ರನ್‌ವೇಗೆ ಅಡ್ಡಲಾಗಿ ಹಾರುವ ಹಾದಿ) ಗಾಳಿ ಹಿಂದಿನಿಂದ ತಳ್ಳುತ್ತಿರುತ್ತದೆ, ವಿದ್ಯಾರ್ಥಿ ತಿರುಗಲು ತಡಮಾಡುತ್ತಾನೆ, ರನ್‌ವೇ ಗೆರೆ ದಾಟಿಹೋಗುತ್ತದೆ. ಇಷ್ಟು ಕೆಳಗೆ ರೆಕ್ಕೆ ಹೆಚ್ಚು ವಾಲಿಸಬಾರದೆಂದು ಹೇಳಿಸಿಕೊಂಡಿರುತ್ತಾನಲ್ಲ, ಅದಕ್ಕೇ ವಾಲಿಸದೆ ಕಾಲಿನಿಂದ ರಡ್ಡರ್ (ಬಾಲದ ಚುಕ್ಕಾಣಿ) ಒತ್ತಿ ಮೂತಿಯನ್ನು ಎಳೆದು ತರಲು ನೋಡುತ್ತಾನೆ. ಮೂತಿ ತಿರುಗುವುದರ ಜೊತೆಗೆ ಕೆಳಗೂ ಜಾರುತ್ತದೆ. ಕೈ ತಾನಾಗಿ ಯೋಕನ್ನು (ಮೂತಿ ಏರಿಳಿಸುವ ಹಿಡಿಕೆಯನ್ನು) ಹಿಂದಕ್ಕೆ ಎಳೆಯುತ್ತದೆ. ಒಳಗಡೆಯ ರೆಕ್ಕೆ ಮೊದಲು ಸೋಲುತ್ತದೆ, ವಿಮಾನ ಆ ಕಡೆಗೇ ಮಗುಚುತ್ತದೆ. ಒಂದು ಸುತ್ತು ಸ್ಪಿನ್ ಆಗಿ ಸರಿಯಾಗಿ ಹೊರಬರಲು ಸೆಸ್ನಾ 152ಕ್ಕೆ ಸುಮಾರು 1,000 ಅಡಿ ಬೇಕೆಂದು ಅದರ ಕೈಪಿಡಿಯೇ ಹೇಳುತ್ತದೆ. ಇರುವುದು 500. ಆಮೇಲೆ ಮಾಡುವುದೇನೂ ಉಳಿದಿಲ್ಲ. ರನ್‌ವೇ ಗೆರೆ ತಪ್ಪಿತೆಂದು ಅನಿಸಿದ ಕ್ಷಣವೇ ಥ್ರಾಟಲ್ ಪೂರ್ತಿ ಕೊಟ್ಟು ಮತ್ತೊಂದು ಸುತ್ತು ಹಾಕುವುದೊಂದೇ ಮದ್ದು.

ವಾಲಿಸುವಿಕೆಯ ಲೆಕ್ಕವನ್ನೂ ಬಾಯಿಪಾಠಕ್ಕೆ ಬಿಡಬಾರದು. ಎತ್ತರ ಕಾಯ್ದುಕೊಂಡು 30 ಡಿಗ್ರಿ ವಾಲಿದರೆ ಸ್ಟಾಲ್ ವೇಗ ಶೇ 7ರಷ್ಟು ಏರುತ್ತದೆ, 45ಕ್ಕೆ ಶೇ 19, 60ಕ್ಕೆ ಶೇ 41. ನೇರ ಹಾರುವಾಗ 48 ನಾಟ್‌ಗೆ (ಒಂದು ನಾಟ್ ಎಂದರೆ ಗಂಟೆಗೆ ಸುಮಾರು 1.85 ಕಿ.ಮೀ.) ಸ್ಟಾಲ್ ಆಗುವ ವಿಮಾನ 60 ಡಿಗ್ರಿಯಲ್ಲಿ 68ಕ್ಕೇ ಸೋಲುತ್ತದೆ.

ಸ್ಟಾಲ್ ವಿಷಯದಲ್ಲಿ ವಿಮಾನದ ವಿನ್ಯಾಸವೂ ಲೆಕ್ಕಕ್ಕೆ ಬರುತ್ತದೆ. ಅಮೆರಿಕದ ಪೈಪರ್ ಟೊಮಾಹಾಕ್ 1978ರಲ್ಲಿ ಬಂದದ್ದೇ ‘ಸ್ಪಿನ್ ಕಲಿಸಬಲ್ಲ ವಿಮಾನ’ ಎಂಬ ಹೆಗ್ಗಳಿಕೆಯೊಂದಿಗೆ. ಬೋಧಕರೇ ಬಯಸಿದ್ದು ಅದು: ಸ್ಟಾಲ್ ಆದರೆ ಸೆಸ್ನಾದಂತೆ ಮೆಲ್ಲಗೆ ತಲೆಯಾಡಿಸದೆ ನಿಜವಾಗಿ ಬೀಳಬೇಕು. ಬಿದ್ದದ್ದು ಎಷ್ಟೆಂದರೆ ಅದಕ್ಕೆ ‘ಟ್ರಾಮಾಹಾಕ್’ ಎಂಬ ಅಡ್ಡಹೆಸರೇ ಅಂಟಿತು. 1983ರಲ್ಲಿ ರೆಕ್ಕೆಯ ಮುಂಚೂಣಿಗೆ ಹೆಚ್ಚುವರಿ ಸ್ಟಾಲ್ ಪಟ್ಟಿ ಅಂಟಿಸಲು ಆದೇಶ ಬಂತು. ನಿರುಪದ್ರವಿ ವಿಮಾನದಲ್ಲಿ ಕಲಿಯುವುದು ಒಳ್ಳೆಯದೋ, ಮುಲಾಜಿಲ್ಲದ ವಿಮಾನದಲ್ಲೋ ಎಂಬ ಜಗಳ ಬೋಧಕರ ನಡುವೆ ಇಂದಿಗೂ ಇತ್ಯರ್ಥವಾಗಿಲ್ಲ.

ಎರಡನೆಯ ಮರಣಸ್ಥಾನ, ರನ್‌ವೇ ಬಿಟ್ಟ ಮೊದಲ ಒಂದು ನಿಮಿಷ. ಎಂಜಿನ್ ನಿಂತಿತು ಅನ್ನಿ. ಹಿಂದೆ ರನ್‌ವೇ ಕಾಣುತ್ತಿದೆ, ತಿರುಗಿ ಹೋಗೋಣ ಎನ್ನಿಸುತ್ತದೆ. ತಿರುಗಬೇಕಾದದ್ದು 180 ಡಿಗ್ರಿ ಅಲ್ಲ ಸ್ವಾಮಿ. ಬಂದ ಗೆರೆಗೇ ಮರಳಬೇಕಾದ್ದರಿಂದ ಮೊದಲು 220ರಷ್ಟು ತಿರುಗಿ, ಮತ್ತೆ ಎದುರು ದಿಕ್ಕಿಗೆ 40. ಒಟ್ಟು 260 ಆಯಿತು. 65 ನಾಟ್‌ನಲ್ಲಿ 30 ಡಿಗ್ರಿ ವಾಲಿಸಿದರೆ ಸೆಕೆಂಡಿಗೆ ಸಿಗುವುದು 10 ಡಿಗ್ರಿಗಿಂತ ತುಸು ಕಡಿಮೆ. 27 ಸೆಕೆಂಡು ಹೋಯಿತು. ನಿಮಿಷಕ್ಕೆ 700–800 ಅಡಿಯಂತೆ ಇಳಿದರೂ 350 ಅಡಿ ಕರಗಿತು. ಆಘಾತದಿಂದ ಚೇತರಿಸಿಕೊಳ್ಳುವ ನಾಲ್ಕೈದು ಸೆಕೆಂಡು ಇದರಲ್ಲಿ ಸೇರಿಲ್ಲ, ಹಿಂದಿನಿಂದ ತಳ್ಳುವ ಗಾಳಿಯೂ ಸೇರಿಲ್ಲ. ಮೂತಿ ಇಳಿಸಿ, ಸೆಸ್ನಾ 152 ಆದರೆ 60 ನಾಟ್, ಸೆಸ್ನಾ 172ಎಸ್ ಆದರೆ 68 ನಾಟ್ ಹಿಡಿದು, ಎದುರಿನ ಎಡಬಲ 30 ಡಿಗ್ರಿಯೊಳಗೆ ಯಾವ ಹೊಲವಿದೆಯೋ ಅಲ್ಲಿಗೆ ಹೋಗಬೇಕು. ರಾಗಿ ಹೊಲದಲ್ಲಿ ಚಕ್ರ ಮುರಿದುಕೊಂಡವರು ನಡೆದು ಹೊರಬರುತ್ತಾರೆ.

ನಮ್ಮ ಪ್ರಸ್ಥಭೂಮಿಯ ಒಂದು ಹೊರೆಯನ್ನೂ ಇಲ್ಲಿ ಹೇಳಬೇಕು. ಜಕ್ಕೂರು ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿದೆ. ಏಪ್ರಿಲ್ ಮಧ್ಯಾಹ್ನ 35 ಡಿಗ್ರಿ ಸೆಲ್ಸಿಯಸ್ ಇದ್ದರೆ ಅಲ್ಲಿನ ಗಾಳಿ ತೆಳುವಾಗಿ, ವಿಮಾನಕ್ಕೆ 6,000 ಅಡಿಯಲ್ಲಿದ್ದ ಹಾಗೆ. ಸಾವಿರ ಅಡಿಗೆ ಶೇ 3ರಂತೆ ಎಂಜಿನ್ ಬಲ ಇಳಿಯುತ್ತದೆಂದರೆ 152ರ 110 ಅಶ್ವಶಕ್ತಿಯಲ್ಲಿ ಉಳಿಯುವುದು 90ರ ಆಸುಪಾಸು. ತಲಾ 85 ಕಿಲೋದ ಇಬ್ಬರು ಕೂತು ಟ್ಯಾಂಕ್ ತುಂಬಿಸಿದರೆ 757 ಕಿಲೋ ಗರಿಷ್ಠ ತೂಕ ಹೆಚ್ಚುಕಡಿಮೆ ಅಲ್ಲಿಗೇ ಮುಟ್ಟುತ್ತದೆ, ಬ್ಯಾಗ್ ಇಡಲೂ ಜಾಗವಿಲ್ಲ. ಕರಾವಳಿಯ ಮಟ್ಟದಲ್ಲಿ ಕಲಿತ ಕೈಗೆ ಈ ವಿಮಾನ ‘ಏರುತ್ತಿಲ್ಲವಲ್ಲ’ ಅನಿಸುತ್ತದೆ. ಆಗ ಮೂತಿ ಇನ್ನಷ್ಟು ಎತ್ತಿದರೆ ಮತ್ತೆ ಅದೇ ಸ್ಟಾಲ್.

ಎಂಜಿನ್ ನಿಲ್ಲುವುದಕ್ಕೂ ಕಾರಣಗಳಿವೆ, ಅವು ಬಹಳ ಸಲ ಬೋನೆಟ್ಟಿನೊಳಗೆ ಇರುವುದಿಲ್ಲ. ಮೊದಲನೆಯದು ಇಂಧನ. ಪೈಪರ್ ಪಿಎ-28ರ ಇಂಧನ ಸೆಲೆಕ್ಟರ್‌ನಲ್ಲಿ (ಯಾವ ಟ್ಯಾಂಕಿನಿಂದ ಇಂಧನ ಎಂದು ಆರಿಸುವ ಗುಂಡಿ) ಎಡ ಅಥವಾ ಬಲ ಮಾತ್ರ, ಎರಡೂ ಒಟ್ಟಿಗೆ ಎಂಬುದಿಲ್ಲ. ಒಂದು ಟ್ಯಾಂಕ್ ಬರಿದಾಗಿ, ಇನ್ನೊಂದರಲ್ಲಿ ತುಂಬ ಪೆಟ್ರೋಲ್ ಇಟ್ಟುಕೊಂಡೇ ಹೊಲಕ್ಕೆ ಇಳಿದ ವಿಮಾನಗಳು ಲೋಕದಲ್ಲೆಲ್ಲ ಇವೆ. ಗೇಜ್ ನಂಬುವಂತಿಲ್ಲ, ಡಿಪ್‌ಸ್ಟಿಕ್ ಅದ್ದಿಯೇ ನೋಡಬೇಕು.

ನೀರಿನ ವಿಷಯಕ್ಕೆ ಮಳೆಗಾಲದಲ್ಲಿ ಎರಡು ಕಣ್ಣು ಸಾಲದು. ಟ್ಯಾಂಕ್ ಮುಚ್ಚಳದ ರಬ್ಬರ್ ಉಂಗುರ ಬಿರಿದಿದ್ದರೆ ರಾತ್ರಿ ಮಳೆ ನೇರ ಒಳಗೆ. ಅರ್ಧ ಖಾಲಿ ಟ್ಯಾಂಕಿನ ಒಳಗೋಡೆಗೆ ಇಬ್ಬನಿ ಕಟ್ಟುತ್ತದೆ. ಅದಕ್ಕೇ ಹಾರುವ ಮುನ್ನ ಸಣ್ಣ ಪಾರದರ್ಶಕ ಕಪ್ಪಿಗೆ ತಳದಿಂದ ಇಂಧನ ಇಳಿಸಿ ನೋಡುವುದು. ಹೊಸ 172ಎಸ್‌ನಲ್ಲಿ ಹೀಗೆ ಇಳಿಸುವ ಜಾಗಗಳು 13 ಇವೆ: ಒಂದೊಂದು ರೆಕ್ಕೆಗೆ ಐದು, ಹೊಟ್ಟೆಯಡಿ ಮೂರು. ಬೆಳಗಿನ ಅವಸರದಲ್ಲಿ ಹದಿಮೂರನ್ನೂ ಮುಟ್ಟುವವರು ಎಷ್ಟು ಮಂದಿಯೋ. ನೀರು ಭಾರ, ಕಪ್ಪಿನ ತಳದಲ್ಲಿ ಗುಳ್ಳೆಯಾಗಿ ಕೂರುತ್ತದೆ. ಕಪ್ ಪೂರ್ತಿ ನೀರೇ ಆಗಿಬಿಟ್ಟರೆ? ಗೆರೆಯೂ ಇಲ್ಲ, ಗುಳ್ಳೆಯೂ ಇಲ್ಲ, ‘ತಿಳಿಯಾಗಿದೆ’ ಎಂದು ಚೆಲ್ಲಿ ಹೊರಟುಬಿಡುತ್ತಾರೆ. ಆದ್ದರಿಂದ ನೋಡಬೇಕಾದದ್ದು ತಿಳಿಯನ್ನಲ್ಲ, ಬಣ್ಣವನ್ನು. ಈ ವಿಮಾನಗಳ 100 ಎಲ್‌ಎಲ್ ಪೆಟ್ರೋಲ್ ತಿಳಿನೀಲಿ. ಬಿಳಿ ಗೋಡೆಗೆ ಹಿಡಿದು ನೋಡಿದರೆ ನೀಲಿ ಇದೆಯೋ ಇಲ್ಲವೋ ತಕ್ಷಣ ಗೊತ್ತಾಗುತ್ತದೆ.

ಎರಡನೆಯದು ಕಾರ್ಬುರೇಟರ್‌ನಲ್ಲಿ (ಗಾಳಿಗೆ ಪೆಟ್ರೋಲ್ ಬೆರೆಸುವ ಭಾಗ) ಮಂಜುಗಡ್ಡೆ ಕಟ್ಟುವುದು. ಬೆಂಗಳೂರಿನಲ್ಲಿ ಮಂಜುಗಡ್ಡೆಯೇ ಎಂದು ನಗಬೇಡಿ. ಪೆಟ್ರೋಲ್ ಆವಿಯಾಗುವಾಗ ಕಾರ್ಬುರೇಟರ್ ಗಂಟಲಲ್ಲಿ ಉಷ್ಣಾಂಶ 20–30 ಡಿಗ್ರಿ ಕುಸಿಯಬಲ್ಲದು. ಆಗಸ್ಟ್ ಬೆಳಗಿನ 21 ಡಿಗ್ರಿ, ತೇವ ತುಂಬಿದ ಗಾಳಿ, ಇಳಿಯಲೆಂದು ಮುಚ್ಚಿದ ಥ್ರಾಟಲ್: ಮಂಜಿಗೆ ಇದಕ್ಕಿಂತ ಹದ ಬೇಡ. 152ರಲ್ಲಿ ಮೊದಲ ಸುಳಿವೆಂದರೆ ಆರ್‌ಪಿಎಂ (ಎಂಜಿನ್ ಸುತ್ತುವ ವೇಗ) ಸದ್ದಿಲ್ಲದೆ ಇಳಿಯುವುದು. ಕಾರ್ಬುರೇಟರ್‌ಗೆ ಬಿಸಿಗಾಳಿ ಕೊಡುವ ಕಾರ್ಬ್ ಹೀಟ್ ಗುಂಡಿ ಪೂರ್ತಿ ಎಳೆದರೆ ಮೊದಲು ಎಂಜಿನ್ ಇನ್ನೂ ಕೆಟ್ಟದಾಗಿ ಕೆಮ್ಮುತ್ತದೆ, ಕರಗಿದ ನೀರನ್ನು ಅದು ನುಂಗುತ್ತಿರುತ್ತದೆ. ಹೆದರಿದ ವಿದ್ಯಾರ್ಥಿ ಗುಂಡಿಯನ್ನು ವಾಪಸ್ ತಳ್ಳುತ್ತಾನೆ. ತಪ್ಪುವುದು ಅಲ್ಲೇ. ಕೆಮ್ಮು ನಿಂತು ಆರ್‌ಪಿಎಂ ಏರುವವರೆಗೆ ಬಿಡಬಾರದು. ನೆಲಕ್ಕೆ ಬರುವ ಹೊತ್ತಿಗೆ ಆ ಮಂಜು ಕರಗಿ ಹೋಗಿರುತ್ತದೆ, ತನಿಖೆಗೆ ಬಂದವರಿಗೆ ಎಂಜಿನ್ ಸರಿಯಾಗಿಯೇ ಇರುತ್ತದೆ. ಇಂಧನವನ್ನು ನೇರ ಚಿಮ್ಮಿಸುವ 172ಎಸ್‌ಗೆ ಈ ಕಾಯಿಲೆ ಇಲ್ಲ.

ಅಪ್ಪಟ ಯಾಂತ್ರಿಕ ಕಾರಣಗಳಲ್ಲಿ ಒಂದನ್ನಾದರೂ ಹೇಳದಿದ್ದರೆ ಮೆಕ್ಯಾನಿಕ್‌ಗಳಿಗೆ ಅನ್ಯಾಯ. ಲೈಕಮಿಂಗ್ ಎಂಜಿನ್ ಬೆಳಿಗ್ಗೆ ಹೊತ್ತಿಸಿದಾಗ ಒಂದು ನಿಮಿಷ ಕುಂಟಿ ಆಮೇಲೆ ತಾನೇ ಸರಿಹೋದರೆ ಅದಕ್ಕೆ ‘ಮಾರ್ನಿಂಗ್ ಸಿಕ್‌ನೆಸ್’ ಎನ್ನುತ್ತಾರೆ. ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವ್ ಅದು ಜಾರುವ ಕೊಳವೆಯಾದ ಗೈಡಿನಲ್ಲಿ ಮಸಿ ಕಟ್ಟಿ ಅಂಟಿಕೊಳ್ಳುತ್ತಿದೆ ಎಂಬ ಸೂಚನೆ ಅದು. ಇಂದು ಬಿಟ್ಟುಕೊಂಡ ವಾಲ್ವ್ ಇನ್ನೊಂದು ದಿನ ಗಾಳಿಯಲ್ಲಿ ಅಂಟಿಕೊಂಡು ತನ್ನನ್ನು ತಳ್ಳುವ ಸಲಾಕೆಯಾದ ಪುಷ್‌ರಾಡ್ ಬಗ್ಗಿಸುತ್ತದೆ. ‘ಸರಿಹೋಯಿತಲ್ಲ’ ಎಂದು ಲಾಗ್‌ಬುಕ್ಕಿನಲ್ಲಿ ಬರೆಯದೆ ಹೋಗುವುದೇ ಮುಂದಿನ ಅಪಘಾತದ ಮೊದಲ ಹೆಜ್ಜೆ.

ಪ್ರಾಣ ಹೋಗದ, ಆದರೆ ಲೆಕ್ಕಕ್ಕೆ ಅತಿ ಹೆಚ್ಚಿರುವ ಅವಘಡ ಇಳಿಯುವಾಗಿನ ಪುಟಿತ. ಹತ್ತು ನಾಟ್ ಹೆಚ್ಚು ವೇಗದಲ್ಲಿ ಬಂದ ವಿಮಾನ ಕೂರಲು ಒಲ್ಲದೆ ತೇಲುತ್ತದೆ, ವಿದ್ಯಾರ್ಥಿ ಮೂತಿ ಒತ್ತಿ ಕೂರಿಸಲು ಹೋಗುತ್ತಾನೆ, ಮುಂಚಕ್ರ ಮೊದಲು ಬಡಿದು ವಿಮಾನ ಚೆಂಡಿನಂತೆ ಹಾರುತ್ತದೆ. ಎರಡನೇ ಪುಟಿತ ಇನ್ನೂ ಜೋರು. ಮೂರನೆಯದಕ್ಕೆ ಮುಂಚಕ್ರದ ಕಾಲು ಮುರಿದು ಪ್ರೊಪೆಲ್ಲರ್ ನೆಲಕ್ಕೆ ತಾಗಿದರೆ ಎಂಜಿನ್ನನ್ನೇ ಬಿಚ್ಚಿ ಪರೀಕ್ಷಿಸಬೇಕು. ಮೊದಲ ಪುಟಿತಕ್ಕೇ ಪೂರ್ತಿ ಥ್ರಾಟಲ್ ಕೊಟ್ಟು ಮೇಲೇರಿದರೆ ಇಷ್ಟೂ ತಪ್ಪುತ್ತದೆ.

ಪತ್ರಿಕೆಗೆ ನಮ್ಮ ಕೋರಿಕೆ ಒಂದೇ. ವಿಮಾನ ಅಪಘಾತಗಳ ತನಿಖೆಗೆಂದೇ 2012ರಿಂದ ಪ್ರತ್ಯೇಕ ಸಂಸ್ಥೆ ಎಎಐಬಿ (ವಿಮಾನ ಅಪಘಾತ ತನಿಖಾ ಬ್ಯೂರೊ) ಇದೆ. ಅಂತರರಾಷ್ಟ್ರೀಯ ನಿಯಮದಂತೆ ಪ್ರಾಥಮಿಕ ವರದಿಗೆ 30 ದಿನ, ಅಂತಿಮ ವರದಿಗೆ ಆದಷ್ಟೂ 12 ತಿಂಗಳು. ಅಂತಿಮ ವರದಿ ಎಲ್ಲರಿಗೂ ತೆರೆದಿರುತ್ತದೆ, ಆದರೆ ಬರುವ ಹೊತ್ತಿಗೆ ಎಲ್ಲರೂ ಮರೆತಿರುತ್ತಾರೆ. ಅಪಘಾತಕ್ಕೆ ಮುಖಪುಟ ಕೊಡುವ ನೀವು ಆ ವರದಿಗೆ ಒಳಪುಟದಲ್ಲಿ ಒಂದು ಕಾಲಂ ಕೊಡಿ. ಮಕ್ಕಳನ್ನು ಹಾರಲು ಕಳಿಸಿದ ತಂದೆ–ತಾಯಿ ಅದನ್ನು ಖಂಡಿತ ಓದುತ್ತಾರೆ.

ಅಲ್ಲಿಯವರೆಗೆ ನಿಮ್ಮ ವರದಿಗಾರರು ಸ್ಥಳಕ್ಕೆ ಹೋದರೆ ಬಾಲದ ಚಿತ್ರದ ಜೊತೆ ಪ್ರೊಪೆಲ್ಲರ್‌ನ ಚಿತ್ರವನ್ನೂ ತೆಗೆಯಲಿ. ಎರಡೂ ಅಲಗುಗಳ ತುದಿ ಸುರುಳಿಯಾಗಿ, ಅಂಚಿನುದ್ದಕ್ಕೂ ಗೀರು ಬಿದ್ದಿದ್ದರೆ ನೆಲ ಮುಟ್ಟುವಾಗ ಎಂಜಿನ್ ತಿರುಗುತ್ತಿತ್ತು ಎನ್ನಲು ಬಲವಾದ ಕುರುಹು. ಒಂದು ಅಲಗು ನೆಟ್ಟಗೇ ಇದ್ದು ಇನ್ನೊಂದು ಸುಮ್ಮನೆ ಹಿಂದಕ್ಕೆ ಮಡಚಿದ್ದರೆ, ಆಗ ‘ಎಂಜಿನ್ ನಿಂತಿತ್ತೇ’ ಎಂದು ಕೇಳಬಹುದು. ಅದರ ಬೆನ್ನಿಗೇ ಕೇಳಬೇಕಾದದ್ದು: ಸೆಲೆಕ್ಟರ್ ಯಾವ ಟ್ಯಾಂಕಿನ ಮೇಲಿತ್ತು?

— ಹಾರಾಟ ತರಬೇತಿ ಕ್ಷೇತ್ರದ ಕೆಲವು ಓದುಗರು, ಬೆಂಗಳೂರು