24ನೇ ಸ್ಥಾನದ ಋಣ

ಭಾನುವಾರ 29 ಕಾರುಗಳು ಹೊರಟ ರೇಸಿನಲ್ಲಿ ನನ್ನದು 24ನೆಯದಾಗಿ ಬಂತು. "ಹೇಗಾಯ್ತು?" ಎಂದು ಕೇಳಿದವರಿಗೆಲ್ಲ ಇಷ್ಟೇ ಉತ್ತರ ಕೊಟ್ಟಿದ್ದೆ. ಪೂರ್ತಿ ಉತ್ತರ ಸ್ವಲ್ಪ ಉದ್ದ. ಶನಿವಾರ ಸಂಜೆ ನಾಲ್ಕಕ್ಕೆ ಆ ಕಾರು ಟ್ರೇಲರ್ ಹತ್ತಿ ಮನೆಗೆ ಹೊರಡುವುದರಲ್ಲಿತ್ತು. ತಡೆದವರಲ್ಲಿ ಅರ್ಧದಷ್ಟು ಮಂದಿಯ ಮುಖವನ್ನು ನಾನು ಅಂದೇ ಮೊದಲು ನೋಡಿದ್ದು. ಹೆಸರು ಹಾಕಬೇಡಿ ಎಂದು ಹಲವರು ಹೇಳಿರುವುದರಿಂದ ಯಾರ ಹೆಸರೂ ಇಲ್ಲ. ಓದಿದರೆ ಅವರಿಗೇ ತಿಳಿಯುತ್ತದೆ.

ಕಾರು 1963ರ ಎಂಜಿಬಿ, ಬ್ರಿಟನ್ನಿನ ಎಂಜಿ ಕಂಪನಿಯ ಸ್ಪೋರ್ಟ್ಸ್ ಕಾರು. ಹಳೆಯ ರೇಸ್ ಕಾರುಗಳ ಉತ್ಸವಕ್ಕೆ ಬರುವ ಜನ ಫೆರಾರಿ, ಜಾಗ್ವಾರ್‌ಗಳ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ನಮ್ಮ ಕಾರಿನ ಹತ್ತಿರ ನಿಲ್ಲುವವರು ಬಹುಪಾಲು "ನಮ್ಮ ಚಿಕ್ಕಪ್ಪನ ಬಳಿ ಇದೇ ಇತ್ತು" ಎನ್ನುವವರು. 1962ರಿಂದ 1980ರವರೆಗೆ 5 ಲಕ್ಷಕ್ಕೂ ಹೆಚ್ಚು ತಯಾರಾದ ಕಾರಿಗೆ ಸಿಗುವ ಮರ್ಯಾದೆ ಅಷ್ಟೇ. ಆದರೂ 1963ರಲ್ಲಿ ಫ್ರಾನ್ಸಿನ ಲೆ ಮಾನ್ಸ್ 24 ಗಂಟೆಯ ರೇಸಿನಲ್ಲಿ ಒಂದು ಎಂಜಿಬಿ ಮರಳಿನಲ್ಲಿ ಹೂತುಹೋಗಿತ್ತು. ಚಾಲಕನೇ ಒಂದು ಗಂಟೆಗೂ ಹೆಚ್ಚು ಹೊತ್ತು ಅಗೆದು ಅದನ್ನು ಹೊರತೆಗೆದ. ಕಡೆಗೆ ಆ ಕಾರು 12ನೇ ಸ್ಥಾನಕ್ಕೆ ಬಂತು. ಈ ಕಥೆಯನ್ನು ಶನಿವಾರ ರಾತ್ರಿ ಮೂವರು ಬೇರೆ ಬೇರೆಯಾಗಿ ಬಂದು ನನಗೆ ಹೇಳಿದರು. ನನ್ನ ಮುಖ ಅಷ್ಟು ಇಳಿದುಹೋಗಿದ್ದಿರಬೇಕು.

ಅರ್ಹತಾ ಸುತ್ತುಗಳಲ್ಲಿ ನಾಲ್ಕನೆಯದಕ್ಕೆ ಎಂಜಿನ್ ಕುಂಟತೊಡಗಿತು. ಕಾರುಗಳನ್ನು ನಿಲ್ಲಿಸಿ ರಿಪೇರಿ ಮಾಡುವ ಪ್ಯಾಡಕ್‌ಗೆ ತಂದು, ಪ್ಲಗ್ ಬಿಚ್ಚಿ, ಮೀಟರ್ ಇಟ್ಟು ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ನೋಡಿದರೆ 1 ಮತ್ತು 4ನೇ ಸಿಲಿಂಡರ್ ಸರಿಯಾಗಿವೆ, 2 ಮತ್ತು 3ರಲ್ಲಿ ಮುಳ್ಳು ಮೇಲೇಳುತ್ತಲೇ ಇಲ್ಲ. ಅವೆರಡರ ನಡುವೆ ಹೆಡ್ ಗ್ಯಾಸ್ಕೆಟ್, ಅಂದರೆ ಎಂಜಿನ್‌ನ ಮೇಲ್ಭಾಗವಾದ ಹೆಡ್‌ಗೂ ಕೆಳಗಿನ ಬ್ಲಾಕ್‌ಗೂ ನಡುವೆ ಸೋರದಂತೆ ಕೂರಿಸುವ ತೆಳು ಹಾಳೆ, ಸುಟ್ಟಿತ್ತು. ಈ ಎಂಜಿನ್‌ನಲ್ಲಿ 2 ಮತ್ತು 3ರ ಹೊಗೆ ಒಂದೇ ದಾರಿಯಲ್ಲಿ ಹೊರಹೋಗುವುದರಿಂದ ಹೆಡ್‌ನ ನಡುಭಾಗ ಯಾವಾಗಲೂ ಹೆಚ್ಚು ಕಾಯುತ್ತದೆ. ಅದು ನನಗೆ ಗೊತ್ತಿದ್ದ ವಿಷಯವೇ. ಮೊದಲ ಸಲ ಕಾದು ತಣ್ಣಗಾದ ಮೇಲೆ ಹೆಡ್‌ನ ನಟ್‌ಗಳನ್ನು ಮತ್ತೊಮ್ಮೆ ಬಿಗಿ ಮಾಡಬೇಕು ಎಂಬುದೂ ಗೊತ್ತಿತ್ತು. ಮಾಡಿರಲಿಲ್ಲ. ಅವಸರ. ಏಳು ವರ್ಷ ಶೆಡ್ಡಿನಲ್ಲಿ ಕೂತು ತಾಳ್ಮೆಯಿಂದ ಕಟ್ಟಿದ ಕಾರನ್ನು ಕೊನೆಯ ವಾರದ ಅವಸರದಲ್ಲಿ ಕೆಡಿಸಿದವನು ನಾನೇ.

ಇನ್ನೊಂದು ಗ್ಯಾಸ್ಕೆಟ್ ತಂದಿರಲಿಲ್ಲ. ಭಾವ ಟ್ರೇಲರ್‌ನ ಹಗ್ಗ ಬಿಚ್ಚುತ್ತಿದ್ದರು. ಆಗ ಪಕ್ಕದ ಡೇರೆಯವರು, ನಮ್ಮದೇ ವರ್ಗದಲ್ಲಿ ನಮ್ಮದೇ ಕಾರು ಓಡಿಸುವವರು, ಒಂದು ಚಪ್ಪಟೆ ರಟ್ಟಿನ ಪೊಟ್ಟಣ ತಂದು ಬಾನೆಟ್ ಮೇಲಿಟ್ಟು "ಹೆಡ್ ಬಿಚ್ಚಿ, ಕತ್ತಲಾಗುತ್ತದೆ" ಎಂದರು. ಅವರ ಬಳಿ ಇದ್ದದ್ದು ಅದೊಂದೇ ಎಂದು ತಿಳಿದದ್ದು ಮರುದಿನ.

ಆಮೇಲೆ ನಡೆದದ್ದರಲ್ಲಿ ಅರ್ಧ ನನಗೆ ಕಲಸಿಹೋಗಿದೆ. ಹೆಡ್ ಬಾಗಿದೆಯೇ ಎಂದು ಅಳೆಯಲು ಉಕ್ಕಿನ ಪಟ್ಟಿ ತಂದವರು ಟ್ರಯಂಫ್ ಕಾರಿನವರು. ಹಳೆಯ ಗ್ಯಾಸ್ಕೆಟ್ಟಿನ ಅಂಟನ್ನು ಕೆರೆದವರು ಯಾರೋ. ಹೆಡ್ ಹಿಡಿದಿಡುವ 11 ಸ್ಟಡ್‌ಗಳನ್ನೂ (ಬೋಲ್ಟಿನಂಥ ಕಡ್ಡಿಗಳು) ಒಂದೊಂದಾಗಿ ಒರೆಸಿ ಫಳಫಳ ಮಾಡಿದ್ದು ಹದಿನಾರರ ಒಬ್ಬ ಹುಡುಗಿ. ತನ್ನ ತಂದೆಯ ಕಾರಿಗೆ ಅಂದು ಏನೂ ಕೆಟ್ಟಿಲ್ಲವಲ್ಲ ಎಂದು ಅವಳಿಗೆ ಬೇಸರವಾಗಿತ್ತಂತೆ! ನಡುವಿನಿಂದ ಹೊರಕ್ಕೆ, ಕ್ರಮ ತಪ್ಪದೆ, ಮೂರು ಹಂತದಲ್ಲಿ 50 ಪೌಂಡ್-ಅಡಿಗೆ ಬಿಗಿ. ಭಾವ ನಟ್‌ನ ಸಂಖ್ಯೆ ಕೂಗುವುದು, ನಾನು ಟಾರ್ಕ್ ರೆಂಚ್ (ಬೇಕಾದಷ್ಟು ಬಿಗಿಯಾದಾಗ ಕ್ಲಿಕ್ ಎನ್ನುವ ಸ್ಪ್ಯಾನರ್) ಎಳೆಯುವುದು, ಸುತ್ತ ನಿಂತವರು ಕ್ಲಿಕ್ ಸದ್ದಿಗೆ ತಲೆಯಾಡಿಸುವುದು. ರಾತ್ರಿ ಎಂಜಿನ್ ಚಾಲೂ ಮಾಡುವಂತಿರಲಿಲ್ಲ, ಶಬ್ದದ ನಿಯಮ. ಬೆಳಿಗ್ಗೆ ಕಾಯಿಸಿ, ತಣ್ಣಗಾಗಲು ಬಿಟ್ಟು, ಮತ್ತೆ ಬಿಗಿ ಮಾಡಿ, ವಾಲ್ವ್ ಗ್ಯಾಪ್ ಹೊಂದಿಸಿದೆ. ಈ ಸಲ ಬಿಡಲಿಲ್ಲ. ಬಿಡಲು ಅವರು ಬಿಡುತ್ತಲೂ ಇರಲಿಲ್ಲ.

ಇನ್ನೊಬ್ಬರಿಗೆ ಧನ್ಯವಾದದ ಜೊತೆ ಕ್ಷಮೆಯನ್ನೂ ಕೇಳಬೇಕು. ಶುಕ್ರವಾರ ತಪಾಸಣೆ ಮಾಡಿದ ಅಧಿಕಾರಿ ನನ್ನ ಕಾರನ್ನು ವಾಪಸ್ ಕಳಿಸಿದ್ದರು. ಎರಡು ಎಸ್‌ಯು ಕಾರ್ಬ್ಯುರೇಟರ್‌ಗಳಿಗೂ ಸೇರಿ ನಾನು ಒಂದೇ ರಿಟರ್ನ್ ಸ್ಪ್ರಿಂಗ್ (ಪೆಡಲ್‌ನಿಂದ ಕಾಲೆತ್ತಿದಾಗ ಥ್ರಾಟಲ್ ಮುಚ್ಚುವ ಸ್ಪ್ರಿಂಗ್) ಹಾಕಿದ್ದೆ. ಪ್ರತಿಯೊಂದಕ್ಕೂ ಬೇರೆ ಬೇಕು ಎಂದರು. ಬೆರಳುದ್ದದ ಸ್ಪ್ರಿಂಗಿಗಾಗಿ ಎರಡು ಗಂಟೆ ಅಲೆದಾಟ. ಅವರ ಬೆನ್ನ ಹಿಂದೆ ನಾನು ಆಡಿದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ. ಭಾನುವಾರ ಆರನೇ ಸುತ್ತಿನಲ್ಲಿ, ನೇರ ರಸ್ತೆ ಮುಗಿದು ಬಲತಿರುವು ಬರುವಲ್ಲಿ ಕಾಲೆತ್ತಿದಾಗ ಪೆಡಲ್ ಸಡಿಲವಾದಂತೆ ಅನಿಸಿತು. ಆದರೂ ಎಂಜಿನ್ ವೇಗ ಇಳಿಯಿತು, ತಿರುಗಿದೆ, ಮುಂದೆ ಹೋದೆ. ರೇಸ್ ಮುಗಿಸಿ ಬಾನೆಟ್ ಎತ್ತಿ ನೋಡಿದರೆ ನನ್ನ ಹಳೆಯ ಸ್ಪ್ರಿಂಗ್ ಎರಡು ತುಂಡು. ಥ್ರಾಟಲ್ ಮುಚ್ಚಿದ್ದು ಅವರು ಹಾಕಿಸಿದ ಸ್ಪ್ರಿಂಗ್. ತುಂಡುಗಳನ್ನು ಹಿಡಿದು ಅವರ ಬಳಿ ಹೋದೆ. ಕೈಯಲ್ಲಿ ತಿರುಗಿಸಿ ನೋಡಿ, "ಹೂಂ" ಎಂದು ಮುಂದಿನ ಕಾರಿನ ಕಡೆ ನಡೆದರು.

ಟ್ರ್ಯಾಕಿನ ಬದಿ ನಿಂತು ಬಾವುಟ ತೋರಿಸುವ ಮಾರ್ಷಲ್‌ಗಳಿಗೆ, ಅದರಲ್ಲೂ ಇಳಿಜಾರಿನ ಕೆಳಗಿನ ಪೋಸ್ಟ್‌ನಲ್ಲಿದ್ದ ಇಬ್ಬರಿಗೆ: 'ಮುಂದೆ ಜಾರುತ್ತದೆ' ಎನ್ನುವ, ಹಳದಿಯ ಮೇಲೆ ಕೆಂಪು ಪಟ್ಟೆಯ ಬಾವುಟ ನೀವು ತೋರಿಸದಿದ್ದರೆ ಅಲ್ಲಿ ಚೆಲ್ಲಿದ್ದ ಎಣ್ಣೆಯ ಮೇಲೆ ನಾನು ಬುಗುರಿಯಂತೆ ತಿರುಗುತ್ತಿದ್ದೆ. ಹಳೆಯ ಮಾದರಿಯ ಡನ್‌ಲಾಪ್ ಟೈರ್ ಒಣ ರಸ್ತೆಯಲ್ಲೇ ಜಾರುತ್ತಾ ಹೋಗುವಂಥದ್ದು. 'ಹಿಂದಿನಿಂದ ವೇಗದ ಕಾರು ಬರುತ್ತಿದೆ' ಎನ್ನುವ ನೀಲಿ ಬಾವುಟವನ್ನಂತೂ ನನಗಾಗಿ ಎಷ್ಟು ಸಲ ಬೀಸಿದಿರೋ, ತೋಳು ನೋಯದಿದ್ದರೆ ಸಾಕು. ಸಂಬಳವಿಲ್ಲದೆ ಬೆಳಿಗ್ಗೆಯಿಂದ ಅಲ್ಲಿ ನಿಂತಿದ್ದಿರಿ.

ಹೆಂಡತಿಗೆ ಇಲ್ಲಿ ಧನ್ಯವಾದ ಬರೆದರೆ "ಮನೆಯಲ್ಲಿ ಹೇಳೋಕೆ ಬಾಯಿಲ್ವಾ?" ಎನ್ನುತ್ತಾಳೆ. ಮನೆಯಲ್ಲೇ ಹೇಳುತ್ತೇನೆ.

ಗ್ಯಾಸ್ಕೆಟ್ ಕೊಟ್ಟವರ ವಿಷಯ ಬಾಕಿ ಇದೆ. ಇಡೀ ರೇಸ್ ಅವರು ನನ್ನ ಹಿಂದೆಯೇ ಇದ್ದರು, ಕನ್ನಡಿಯ ತುಂಬ ಅವರದೇ ದೀಪಗಳು. ಕೊನೆಯ ಸುತ್ತಿನ ಕೊನೆಯ ತಿರುವಿನಲ್ಲಿ ನಾನು ತುಸು ಅಗಲಕ್ಕೆ ಹೋದೆ, ಅವರು ಒಳಗಿನಿಂದ ನುಗ್ಗಿ 23ನೆಯವರಾದರು. ಹೆಲ್ಮೆಟ್ ತೆಗೆದು ಬಂದು ನನ್ನ ಭುಜ ಹಿಡಿದು ಅಲುಗಿಸಿ, "ಗ್ಯಾಸ್ಕೆಟ್ ಕೊಟ್ಟದ್ದು ಇದಕ್ಕೇ!" ಎಂದರು. ಹೊಸದು ಎರಡು ತರಿಸಿದ್ದೇನೆ ಸಾರ್, ಒಂದು ನಿಮ್ಮದು.

ಕೊನೆಯದಾಗಿ, ಮನೆಗೆ ಬಂದು ಪೆಟ್ಟಿಗೆ ತೆರೆದರೆ ನನ್ನದಲ್ಲದ ಒಂದು ಅರ್ಧ ಇಂಚಿನ ರಿಂಗ್ ಸ್ಪ್ಯಾನರ್ ಸಿಕ್ಕಿತು. ಹಿಡಿಗೆ ನೀಲಿ ಟೇಪ್ ಸುತ್ತಿದೆ, ತುಂಬಾ ಬಳಸಿ ಸವೆದಿದೆ. ಆ ರಾತ್ರಿ ಯಾರು ಕೊಟ್ಟಿರಿ, ದಯವಿಟ್ಟು ತಿಳಿಸಿ. ಒರೆಸಿ ಇಟ್ಟಿದ್ದೇನೆ.