ಸ್ಪಿರುಲಿನಾ ಕೊಳಕ್ಕೆ ಜಾಗ ಹುಡುಕುತ್ತಿರುವ ವೀಣಾಗೆ

ಕೋಥರೂಡ, ಪುಣೆ

ಚಿ. ವೀಣಾಗೆ ಆಶೀರ್ವಾದಗಳು.

ಪುಣೆಯ ಪಶ್ಚಿಮಕ್ಕೆ ಘಾಟಿನ ಕಡೆ ಹೋಗುವ ಮುಳಶಿ ರಸ್ತೆಯಲ್ಲಿ ನೀನು ನೋಡಿದ ಆ ಎರಡು ಎಕರೆಯ ಫೋಟೋ ನೋಡಿದೆ. ಹಿಂದೆ ಗುಡ್ಡ, ಮುಂದೆ ಹಿನ್ನೀರು. ಮನೆ ಕಟ್ಟಿಕೊಂಡಿರಲು ಲಾಯಕ್ಕಾದ ಜಾಗ, ಒಣಗಿಸಿ ಪುಡಿಮಾಡಿ ತಿನ್ನುವ ಸ್ಪಿರುಲಿನಾ ಪಾಚಿ ಬೆಳೆಯಲು ಅಲ್ಲ. ಸಂಚಕಾರ ಕೊಡುವ ಮುಂಚೆ ಇದನ್ನು ಪೂರ್ತಿ ಓದು.

ಈ ಪಾಚಿ ತಾನಾಗಿ ಎಲ್ಲಿ ಬೆಳೆಯುತ್ತದೆ ಎಂಬುದರಲ್ಲೇ ಅರ್ಧ ಉತ್ತರ ಇದೆ. ಆಫ್ರಿಕದಲ್ಲಿ ಚಾಡ್ ಸರೋವರದ ಸುತ್ತಲ ಕ್ಷಾರದ ಹೊಂಡಗಳು, ನಮ್ಮಲ್ಲಿ ಬುಲ್ಢಾಣಾ ಜಿಲ್ಲೆಯ ಲೋಣಾರ್. ಲೋಣಾರ್ ಕೆರೆಗೆ ಬಿದ್ದ ನೀರು ಹೊರಗೆ ಹರಿಯುವ ದಾರಿಯೇ ಇಲ್ಲ. ಬಿಸಿಲಿಗೆ ಆವಿಯಾಗಿ ಸೋಡಾ, ಉಪ್ಪು ಉಳಿದು ಪಿಎಚ್ (ಕ್ಷಾರದ ಅಳತೆ, 7 ದಾಟಿದಷ್ಟೂ ಕ್ಷಾರ ಹೆಚ್ಚು) 10ರ ಆಸುಪಾಸಿಗೆ ನಿಂತಿದೆ. ಅಂಥ ನೀರಲ್ಲಿ ಬೇರೆ ಪಾಚಿಗಳಿಗೆ ಬಾಳುವೆ ಕಷ್ಟ, ಇದಕ್ಕೆ ಹಬ್ಬ. ನೀನು ಅಡುಗೆ ಸೋಡಾ ಸುರಿದು ಮಾಡಹೊರಟಿರುವುದೂ ಒಂದು ಪುಟ್ಟ ಲೋಣಾರನ್ನೇ. ಹಾಗಾದರೆ ಸೋಡಾ ತೊಳೆದುಹೋಗದ ಊರು ಬೇಕು.

ಲೆಕ್ಕ ಹಾಕು. ಸಾವಿರ ಚದರ ಮೀಟರ್ ಕೊಳ, 20 ಸೆಂ.ಮೀ. ಆಳ ಎಂದರೆ ಎರಡು ಲಕ್ಷ ಲೀಟರ್. ಸ್ಪಿರುಲಿನಾ ಬೆಳೆಸಲು ಬಳಸುವ ಜಾರೂಕ್ ಮಾಧ್ಯಮ ಎಂಬ ಪೋಷಕ ದ್ರಾವಣದ ಪಾಕದಂತೆ ಲೀಟರಿಗೆ 16.8 ಗ್ರಾಂ ಸೋಡಾ ಹಾಕಿದರೆ 3,360 ಕಿಲೋ. ಅರ್ಧಕ್ಕೆ ಇಳಿಸಿದರೂ ಒಂದೂವರೆ ಟನ್ ದಾಟುತ್ತದೆ. ಈಗ ಒಂದೇ ದಿನ 100 ಮಿ.ಮೀ. ಮಳೆ ಬಂತು ಅನ್ನು: ಕೊಳಕ್ಕೆ ಒಂದು ಲಕ್ಷ ಲೀಟರ್ ಸಿಹಿನೀರು. ಅಂಚು ಮೀರಿ ಹರಿದದ್ದು ನಿನ್ನ ಸೋಡಾ ಮತ್ತು ಬೆಳೆ. ಉಳಿದದ್ದು ತೆಳುವಾಗಿ ಪಿಎಚ್ ಇಳಿಯಿತೆಂದರೆ ಕ್ಲೋರೆಲ್ಲಾದಂಥ ಹಸಿರು ಪಾಚಿ ನುಗ್ಗುತ್ತದೆ. ಅದರ ಕಣ ಎಷ್ಟು ಸಣ್ಣದೆಂದರೆ ನಿನ್ನ ಸೋಸುವ ಬಟ್ಟೆಯಲ್ಲಿ ನಿಲ್ಲುವುದೇ ಇಲ್ಲ, ಸೋಸಿದ ನೀರಿನ ಜೊತೆ ಮತ್ತೆ ಕೊಳಕ್ಕೇ ಬರುತ್ತದೆ. ಲೋಣಾವಳ, ತಾಮ್ಹಿಣಿ ಘಾಟಿನಲ್ಲಿ ವರ್ಷದ ಮಳೆ 4000 ಮಿ.ಮೀ. ದಾಟುತ್ತದೆ. ಪುಣೆಗೆ ಬರುವಷ್ಟರಲ್ಲಿ 700ರ ಆಸುಪಾಸು, ದೌಂಡ್, ಬಾರಾಮತಿ, ಇಂದಾಪುರದಲ್ಲಿ ಸುಮಾರು 500. ಘಾಟಿನಿಂದ ಸೊಲ್ಲಾಪುರದ ಕಡೆ ಹೋದಷ್ಟೂ ನಿನಗೆ ಲಾಭ. ಪ್ಲಾಸ್ಟಿಕ್ ಹಾಳೆ ಹೊದಿಸಿದ ಪಾಲಿಹೌಸ್ ಕಟ್ಟುತ್ತೇನಲ್ಲ ಎನ್ನುತ್ತೀ. ಕಟ್ಟು, ಅದು ಎಲ್ಲಿದ್ದರೂ ಬೇಕು: ಪೂರ್ವದ ಕಡೆಯ ಮಳೆ ಸೆಪ್ಟೆಂಬರಿನಲ್ಲಿ ಗುಡುಗಿನೊಂದಿಗೆ ಒಮ್ಮೆಗೇ ಸುರಿಯುತ್ತದೆ, ಮಾರ್ಚ್ ಏಪ್ರಿಲ್‌ನಲ್ಲಿ ಆಲಿಕಲ್ಲಿನ ಕಾಟ. ಆದರೆ ಮುಳಶಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಮೋಡ. ಹಾಳೆ ಮಳೆ ತಡೆದೀತು, ಬಿಸಿಲು ತಂದುಕೊಡುತ್ತದೆಯೇ?

ಗೋವಾದಲ್ಲಿ ಪರಿಚಯದವರ ಜಮೀನು ಇದೆ ಎಂದು ನೀನು ಹೇಳಿದ್ದೆ. ಅಲ್ಲಿ ಮಳೆ 3000 ಮಿ.ಮೀ. ಆಸುಪಾಸು, ಮಳೆಗಾಲದ ಗಾಳಿಯಲ್ಲಿ ಹಪ್ಪಳವೂ ಒಣಗುವುದಿಲ್ಲ. ಆ ಜಮೀನು ಬೇಡ.

ಪೂರ್ವಕ್ಕೆ ಹೋದರೆ ಸಮಸ್ಯೆ ತಿರುಗುತ್ತದೆ: ನೀರು ಕಡಿಮೆ, ಇದ್ದದ್ದೂ ಗಡಸು. ಬೇಸಿಗೆಯಲ್ಲಿ ತೆರೆದ ಕೊಳದಿಂದ ದಿನಕ್ಕೆ 8 ಮಿ.ಮೀ. ಆವಿಯಾದರೆ ಸಾವಿರ ಚದರ ಮೀಟರಿಗೆ 8,000 ಲೀಟರ್ ತುಂಬಿಸಬೇಕು. ಆ ನೀರಿನ ಟಿಡಿಎಸ್ (ಕರಗಿದ ಒಟ್ಟು ಲವಣ) ಲೀಟರಿಗೆ 1000 ಮಿ.ಗ್ರಾಂ ಇದ್ದರೆ ದಿನಕ್ಕೆ 8 ಕಿಲೋ, ತಿಂಗಳಿಗೆ ಎರಡೂವರೆ ಕ್ವಿಂಟಲ್ ಹತ್ತಿರ ಬೇಡದ ಲವಣ ಕೊಳದಲ್ಲೇ ಕೂರುತ್ತದೆ. ಬರೀ ಉಪ್ಪಾದರೆ ಈ ಪಾಚಿ ಸಹಿಸೀತು. ಕ್ಯಾಲ್ಸಿಯಂ ಬಂದರೆ ಅದು ಕಾರ್ಬೊನೇಟನ್ನೂ ಫಾಸ್ಫೇಟನ್ನೂ ಹಿಡಿದುಕೊಂಡು ಬಿಳಿ ಕೆಸರಾಗಿ ಇಳಿಯುತ್ತದೆ. ಗೊಬ್ಬರ ಹಾಕಿದ್ದೂ ವ್ಯರ್ಥ, ಆ ಕೆಸರು ಪಾಚಿಗೆ ಅಂಟಿ ಪುಡಿಯಲ್ಲಿ ಬೂದಿ ಅಂಶ ಏರಿದ್ದೂ ನಷ್ಟ.

ಇದನ್ನು ನೋಡಲು ಪ್ರಯೋಗಾಲಯ ಬೇಡ. ಬಾವಿಯ ಪಂಪನ್ನು ಅರ್ಧ ಗಂಟೆ ಓಡಿಸಿ ಆಮೇಲೆ ಬಂದ ನೀರು 10 ಲೀಟರ್ ಕಪ್ಪು ಬಕೆಟ್ಟಿನಲ್ಲಿ ಹಿಡಿ. 170 ಗ್ರಾಂ ಅಡುಗೆ ಸೋಡಾ, 60 ಗ್ರಾಂ ವಾಷಿಂಗ್ ಸೋಡಾ ಕರಗಿಸು, ಪಿಎಚ್ ಪಟ್ಟಿಯಲ್ಲಿ 9 ದಾಟಿರಲಿ. ರಾತ್ರಿಯಿಡೀ ಮುಚ್ಚಿಟ್ಟು ಬೆಳಿಗ್ಗೆ ಅಲುಗಿಸದೆ ನೀರು ಬಗ್ಗಿಸು. ತಳದಲ್ಲಿ ಬೆರಳಿಗೆ ಸುಣ್ಣದಂತೆ ಹತ್ತಿದರೆ ಕಾಣುತ್ತಿರುವುದು ನಿನ್ನ ಕೊಳದ ತಳವೇ. ಅಳೆಸಿದಾಗ ಗಡಸುತನ ಲೀಟರಿಗೆ 200 ಮಿ.ಗ್ರಾಂ ಒಳಗಿದ್ದರೆ ನೆಮ್ಮದಿ. 500 ದಾಟಿದರೆ ಲವಣ ಸೋಸಿ ತೆಗೆಯುವ ಆರ್‌ಒ ಯಂತ್ರ ಬೇಕು, ಆಗ ಅದು ಹೊರಹಾಕುವ ಉಪ್ಪುನೀರನ್ನು ಎಲ್ಲಿ ಬಿಡುತ್ತೀ ಎಂಬುದಕ್ಕೂ ಜಾಗ ಬೇಕು. ಪಕ್ಕದವರ ಕಬ್ಬಿನ ಗದ್ದೆಗೆ ಬಿಟ್ಟೆಯೋ, ಜಗಳ ಮನೆಬಾಗಿಲಿಗೆ ಬರುತ್ತದೆ.

ಸೀಸ, ಕ್ಯಾಡ್ಮಿಯಂ, ಆರ್ಸೆನಿಕ್, ಪಾದರಸಕ್ಕೆ ಮಾತ್ರ ಪ್ರಯೋಗಾಲಯದ ವರದಿಯೇ ಬೇಕು. ಈ ಪಾಚಿ ನೀರಿನ ಲೋಹವನ್ನು ಹೀರಿ ಮೈಯಲ್ಲಿ ಕೂಡಿಡುತ್ತದೆ, ಒಣಗಿಸಿದ ಮೇಲೆ ಇನ್ನೂ ಗಟ್ಟಿಯಾಗುತ್ತದೆ. ಮೇ ತಿಂಗಳಲ್ಲಿ ಒಮ್ಮೆ, ಮಳೆ ಮುಗಿದ ಅಕ್ಟೋಬರಿನಲ್ಲಿ ಇನ್ನೊಮ್ಮೆ ಮಾದರಿ ಕೊಡು. ಒಂದೇ ಋತುವಿನ ವರದಿ ಅರ್ಧ ಸತ್ಯ. ಕುರ್ಕುಂಭದಂಥ ರಾಸಾಯನಿಕ ಕಾರ್ಖಾನೆಗಳ ವಸಾಹತಿನಿಂದ ದೂರ ಇರು. ಉಜನಿ ಅಣೆಕಟ್ಟಿನ ಹಿನ್ನೀರನ್ನೂ ನೆಚ್ಚಬೇಡ, ಪುಣೆಯ ಮುಳಾ-ಮುಠಾ ಹೊತ್ತೊಯ್ಯುವುದೆಲ್ಲ ಭೀಮೆಯ ಮೂಲಕ ಅಲ್ಲಿಗೇ ಸೇರುತ್ತದೆ. ಆ ಹಿನ್ನೀರಿನ ದಂಡೆಯ ಭಿಗ್ವಣಕ್ಕೆ ರಾಜಹಂಸ ನೋಡಲು ಹೋಗು, ಕೊಳ ತೋಡಲು ಬೇಡ.

ಗಾಳಿಯನ್ನೂ ಕೇಳಿ ತಿಳಿ. ಸಕ್ಕರೆ ಕಾರ್ಖಾನೆ ಕಬ್ಬು ನುರಿಸುವ ಚಳಿಗಾಲದಲ್ಲಿ ಒಮ್ಮೆ ಹೋಗಿ ಆ ಊರಿನ ಮನೆಗಳ ಮಾಳಿಗೆ ನೋಡು. ಒಣಹಾಕಿದ ಬಿಳಿ ಪಂಚೆಯ ಮೇಲೆ ಕರಿ ಬೂದಿಯ ಚುಕ್ಕೆ ಇದ್ದರೆ ನಿನ್ನ ಪುಡಿಯಲ್ಲೂ ಇರುತ್ತದೆ. ಕೋಳಿ ಫಾರ್ಮು ಪಕ್ಕದಲ್ಲಿ ಬೇಡ. ಎಲೆ ಉದುರಿಸುವ ಬೇವು, ಹುಣಸೆ ದೂರವಿರಲಿ.

ಮಣ್ಣು: ಆ ಕಡೆಯ ಎರೆ ಭೂಮಿ ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ, ಕಾಂಕ್ರೀಟಿನ ತೊಟ್ಟಿಯೂ ಸೀಳುತ್ತದೆ. ಒಂದೂವರೆ ಮೀಟರ್ ಗುಂಡಿ ತೆಗೆಸಿ ನೋಡು, ಕೆಳಗೆ ಗರಸು ಸಿಕ್ಕರೆ ಒಳ್ಳೆಯದು. ಊರವರು ಬೆಳೆಗೆ ಬಾರದೆಂದು ಬಿಟ್ಟ ಗರಸು ಜಮೀನೇ ನಿನಗೆ ಅಗ್ಗದ ಬಂಗಾರ. ಹೊಳೆದಂಡೆಯಾದರೆ ಸರ್ಕಾರದ ನೀಲಿ ರೇಖೆ, ಕೆಂಪು ರೇಖೆ ಎಲ್ಲಿ ಹಾದಿದೆ ಕೇಳು: ಮೊದಲನೆಯದು 25 ವರ್ಷದ, ಎರಡನೆಯದು 100 ವರ್ಷದ ನೆರೆಯ ಗುರುತು.

ಕರೆಂಟು ರೈತರ ಪಂಪಿನ ಲೈನಿನದ್ದಾದರೆ ದಿನವಿಡೀ ಇರುವುದಿಲ್ಲ. ಮಧ್ಯಾಹ್ನ ಕೊಳದ ನೀರು ಕಲಕುವ ಪ್ಯಾಡಲ್ ಚಕ್ರ ನಿಂತಿತೆಂದರೆ ಪಾಚಿ ಮೇಲೆ ತೇಲಿ ಕೆನೆಗಟ್ಟಿ ಬಿಸಿಲಿಗೆ ಸುಟ್ಟು ಹಳದಿಯಾಗುತ್ತದೆ. ಬೇರೆ ಸಂಪರ್ಕಕ್ಕೆ ಟ್ರಾನ್ಸ್‌ಫಾರ್ಮರ್ ಎಷ್ಟು ಕಂಬ ದೂರ ಎಂದು ಎಣಿಸಿಕೊಂಡು ಬಾ. ಡಿಸೆಂಬರಿನಲ್ಲಿ ಅಲ್ಲಿ ರಾತ್ರಿ 12 ಡಿಗ್ರಿಗೂ ಇಳಿಯುತ್ತದೆ. ಈ ಪಾಚಿಗೆ ಬೇಕಾದದ್ದು 30ರಿಂದ 35. ತಣ್ಣನೆ ನೀರಿಗೆ ಬೆಳಗಿನ ಚುರುಕು ಬಿಸಿಲು ಬಿದ್ದರೆ ಪೆಟ್ಟು ಹೆಚ್ಚು. ಪೂರ್ವ ದಿಕ್ಕಿಗೆ ನೆರಳುಪರದೆ ಎಳೆಯುವ ವ್ಯವಸ್ಥೆ ಇರಲಿ. ಒಣಗಿಸುವ ಕೋಣೆಯೂ ಕೊಳದ ಮಗ್ಗುಲಲ್ಲೇ ಬೇಕು. ಹಿಂಡಿದ ಹಸಿ ಪಾಚಿ ಬೆಚ್ಚಗಿನ ಹೊತ್ತಿನಲ್ಲಿ ಕೆಲವೇ ಗಂಟೆಗೆ ನಾರುತ್ತದೆ, ಪುಣೆಗೆ ತಂದು ಒಣಗಿಸುವ ಯೋಚನೆ ಬಿಡು.

ಕೊನೆಗೆ ಕಾಗದ. ಕರ್ನಾಟಕದಲ್ಲಿ 2020ರ ತಿದ್ದುಪಡಿ ಆದಮೇಲೆ ರೈತರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ಮಹಾರಾಷ್ಟ್ರದಲ್ಲಿ ಹಾಗಲ್ಲ, ಅನುಮತಿ ಬೇಕು. ಇಲ್ಲಿಯ ವಕೀಲರನ್ನು ಕೇಳದೆ ಹೆಜ್ಜೆ ಇಡಬೇಡ. ಸಾತ್‌ಬಾರಾ ಉತಾರಾದಲ್ಲಿ (ನಮ್ಮ ಪಹಣಿಯಂಥ ಇಲ್ಲಿಯ ಜಮೀನು ದಾಖಲೆ) ಬಾವಿ ಯಾರ ಯಾರ ಪಾಲು ಎಂದೂ ಓದಿಸು. ಅಣ್ಣತಮ್ಮಂದಿರ ಪಾಳಿಯ ಬಾವಿಯಾದರೆ ವಾರಕ್ಕೆ ಎರಡೇ ದಿನ ನೀರು ನಿನ್ನದು, ಕೊಳಕ್ಕೆ ಏಳೂ ದಿನ ಬೇಕು.

ಬಾರಾಮತಿ, ಇಂದಾಪುರದ ಕಡೆ ಮೂರು ಜಾಗ ನೋಡಿ ಮೂರು ಬಾವಿಯ ಬಕೆಟ್ ಪರೀಕ್ಷೆ ಮಾಡಿ ತಳದ ಫೋಟೋ ಕಳಿಸು. ಮುಳಶಿಯವನಿಗೆ ಸದ್ಯ ಏನೂ ಹೇಳಬೇಡ.

ಇತಿ,
ನಿನ್ನ ಸೋದರಮಾವ